ಮಾತ್ರೆಗಿಂತ ಮೊದಲು ತಿಂದ ಪ್ರಸಾದ

ಎಡಗೈಯಿಂದ ತೆಂಗಿನಕಾಯಿ ಹೋಳು ಮೊದಲ ಸಲ ಜಾರಿ ಬಿದ್ದಾಗ ಅದನ್ನು ತೊಳೆದು ಪುನಃ ತುರಿಯಲು ಕೂತೆ. ಎರಡನೆಯ ಸಲವೂ ಬಿತ್ತು. ಮೂರನೆಯ ಸಲ ಬಿದ್ದಾಗ ಬಾಗಿಲ ಹತ್ತಿರ ಪೇಪರು ಓದುತ್ತಿದ್ದ ಗಂಡ ತಲೆ ಎತ್ತಿ, “ಎಂತ ಲೀಲಾ, ಮಣೆಯ ಮೇಲೆ ಕೂತು ನಿದ್ದೆಯಾ?” ಎಂದರು. ನಾನೂ ನಕ್ಕೆ. ಕೈಗೆ ಎಣ್ಣೆ ತಾಗಿರಬೇಕು ಎಂದುಕೊಂಡೆ. ಆ ದಿನ ಪಲ್ಯಕ್ಕೆ ಕಾಯಿತುರಿ ಹಾಕಲಿಲ್ಲ. ಊಟಕ್ಕೆ ಕೂತ ಮಗಳು ಅದನ್ನು ಗಮನಿಸಲೂ ಇಲ್ಲ.

ನಾವು ಇರುವುದು ಪುತ್ತೂರಿನ ದರ್ಬೆಯಲ್ಲಿ. ಗಂಡನಿಗೆ ಮುಖ್ಯ ರಸ್ತೆಯಲ್ಲಿ ಪಂಪಿನ ಮೋಟಾರು ರಿಪೇರಿಯ ಅಂಗಡಿ ಇದೆ. ಸುಟ್ಟುಹೋದ ಮೋಟಾರಿನ ಹಳೆಯ ತಂತಿ ಬಿಚ್ಚಿ ಹೊಸದು ಸುತ್ತಿ ಕೊಡುವುದು ಅವರ ಕೆಲಸ. ಒಬ್ಬಳೇ ಮಗಳು ಸೌಮ್ಯ, ಇಲ್ಲೇ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಳೆ. ನನ್ನ ತವರು ಸುಳ್ಯದ ಕಡೆ. ಅಕ್ಕ ಶಾರದಕ್ಕನನ್ನು ಕೊಟ್ಟದ್ದು ಕಡಬದ ಹತ್ತಿರ ಕೋಡಿಂಬಾಳಕ್ಕೆ. ನಾನು ಓದಿದ್ದು ಹತ್ತನೆಯ ಕ್ಲಾಸಿನವರೆಗೆ, ಬರೆಯುವ ಅಭ್ಯಾಸ ಇಲ್ಲ. ಆದರೂ ಬರೆಯುತ್ತಿದ್ದೇನೆ. ತಲೆಯ ಒಳಗಿನ ಗಡ್ಡೆಗಿಂತ ಹೆಚ್ಚಾಗಿ ಒಂದು ತಪ್ಪಿನ ಹೆದರಿಕೆ ನನ್ನನ್ನು ತಿಂದುಹಾಕಿತು. ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡೆ. ಹೀಗೆಯೇ ಯಾವುದಾದರೂ ಆಸ್ಪತ್ರೆಯ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತ ಇನ್ನೊಬ್ಬರು ಇರಬಹುದು. ಅವರಿಗಾಗಿ ಇದು.

ಕೈ ಜಾರುವುದು ಒಂದು ತಿಂಗಳು ನಡೆಯಿತು. ಒಂದು ಸೋಮವಾರ ಸಂಜೆ ದೇವಸ್ಥಾನದ ಭಜನೆಯಲ್ಲಿ ಚಪ್ಪಾಳೆ ತಟ್ಟುತ್ತಿದ್ದಾಗ ನನ್ನ ಎಡಗೈ ತಾಳ ಬಿಟ್ಟು ತನ್ನಷ್ಟಕ್ಕೆ ಕುಣಿಯತೊಡಗಿತು. ನಿಲ್ಲು ಎಂದರೆ ನಿಲ್ಲಲಿಲ್ಲ. ಕೈಯಿಂದ ಭುಜಕ್ಕೆ, ಭುಜದಿಂದ ಮುಖಕ್ಕೆ ಹತ್ತಿತು. ಮತ್ತೆ ಏನಾಯಿತೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ನೆಲದ ಮೇಲೆ ಮಲಗಿದ್ದೆ, ಸುತ್ತ ಕೂತ ಹೆಂಗಸರೆಲ್ಲ ಕೈ ಮುಗಿದಿದ್ದರು. ಮೈಮೇಲೆ ದೇವಿ ಬಂದಿದ್ದಾಳೆ ಎಂದು ಒಬ್ಬರು ತೀರ್ಥ ಪ್ರೋಕ್ಷಣೆ ಮಾಡಿ, “ಎಂತ ಆಗಬೇಕು ಹೇಳಿ ಅಮ್ಮ” ಎಂದು ಕೇಳುತ್ತಿದ್ದರು. ನಾಲಿಗೆ ಕಚ್ಚಿ ರಕ್ತ ಬರುತ್ತಿತ್ತು. ನನಗೆ ಬೇಕಾದ್ದು ಒಂದು ಲೋಟ ನೀರು. ಅದನ್ನು ಹೇಳಲು ಮಾತು ಹೊರಡಲಿಲ್ಲ.

ಮರುದಿನ ಪುತ್ತೂರಿನಲ್ಲಿ ಸ್ಕ್ಯಾನು ಆಯಿತು. ಸ್ಕ್ಯಾನು ನೋಡಿದ ಡಾಕ್ಟರು ನನ್ನ ಜೊತೆ ಮಾತಾಡಲಿಲ್ಲ, ಗಂಡನ ಹತ್ತಿರ, “ಇವತ್ತೇ ಮಂಗಳೂರಿಗೆ ಹೋಗಿ” ಎಂದರು. ಮಿದುಳಿನ ಬಲಭಾಗದಲ್ಲಿ ಗಡ್ಡೆ. ಶಾರದಕ್ಕ ಕೋಡಿಂಬಾಳದಿಂದ ಬಂದವಳು ಚೀಲ ಕೆಳಗಿಡುವ ಮೊದಲೇ, “ಜೋಯಿಸರ ಹತ್ತಿರ ಒಂದು ಪ್ರಶ್ನೆ ಇಡಿಸುವ. ಎಂತದೋ ದೋಷ ಉಂಟು. ನಾಗನ ಕಟ್ಟೆಗೆ ನೀನು ಕೊನೆಗೆ ಹೋದದ್ದು ಯಾವಾಗ ಹೇಳು?” ಎಂದಳು.

ನನ್ನ ಗಂಡ, “ದೋಷ ಇದ್ದರೆ ಇರಲಿ ಅಕ್ಕ, ಗಡ್ಡೆಯೂ ಉಂಟಲ್ಲ, ಅದನ್ನು ಮೊದಲು ತೆಗೆಸುವ” ಎಂದರು.

“ನಾನು ಬೇಡ ಅಂತ ಹೇಳಿದೆನಾ? ಎರಡೂ ಮಾಡುವ. ನಿಮಗೆ ಮೋಟಾರು ಬಿಟ್ಟರೆ ಬೇರೆ ಗೊತ್ತಿಲ್ಲ.”

ಎರಡೂ ಆಯಿತು. ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ನನ್ನ ತಲೆ ತೆರೆದರು, ಅದೇ ಹೊತ್ತಿಗೆ ಕೋಡಿಂಬಾಳದಲ್ಲಿ ಅಕ್ಕ ನಾಗನಿಗೆ ಹಾಲೆರೆದು ತಂಬಿಲದ ಪೂಜೆ ಮಾಡಿಸಿದಳು. ಎದ್ದಾಗ ನನ್ನ ಎಡಗೈಯ ಬೆರಳುಗಳು ಅಲ್ಲಾಡಿದವು. ಅದು ಯಾರಿಂದ ಎಂದು ನಾನು ವಿಂಗಡಿಸಲಿಲ್ಲ. ಇಬ್ಬರಿಗೂ ಕೈ ಮುಗಿದೆ.

ತೆಗೆದ ಗಡ್ಡೆಯ ಚೂರನ್ನು ಪರೀಕ್ಷೆಗೆ ಕಳಿಸಿದ್ದರು. ಒಂದು ವರದಿ ಬೇಗ ಬಂತು, ಕ್ಯಾನ್ಸರು ಎಂದು. ಇನ್ನೊಂದು ಬರಲು ಮೂರು ವಾರ ಬೇಕು ಎಂದರು. ಅದು ಏನಕ್ಕೆ ಎಂದು ನಾನು ಕೇಳಲಿಲ್ಲ. ಆ ವರದಿ ಬಂದ ದಿನ, ಅಲ್ಲಿ ನನ್ನನ್ನು ನೋಡುತ್ತಿದ್ದ ಕ್ಯಾನ್ಸರಿನ ಡಾಕ್ಟರಮ್ಮ ನನ್ನ ಗಂಡನನ್ನು ಮಾತ್ರ ಒಳಗೆ ಕರೆದರು. ಸೌಮ್ಯಳೂ ಅವರ ಹಿಂದೆ ಹೋದಳು. ನಾನು ಹೊರಗೆ ಬೆಂಚಿನಲ್ಲಿ ಕೂತೆ.

ಅಲ್ಲೇ ಜೋಹರಾ ಸಿಕ್ಕಿದ್ದು. ಉಪ್ಪಿನಂಗಡಿಯವರು, ನನಗಿಂತ ಮೂರು ನಾಲ್ಕು ವರ್ಷ ಸಣ್ಣವರು. ಅವರ ಗಂಡನಿಗೂ ಇದೇ ಗಡ್ಡೆ, ಇದೇ ಡಾಕ್ಟರು, ಆಪರೇಶನ್ ಆದದ್ದು ನನಗಿಂತ ಒಂದು ವಾರ ಮೊದಲು. ಆ ಗಂಡ ಪಕ್ಕದಲ್ಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದರು. ಜೋಹರಾ ಚೀಲದಿಂದ ಖರ್ಜೂರ ತೆಗೆದು ನನ್ನ ಕೈಯಲ್ಲಿಟ್ಟು, “ತಿನ್ನಿ ಅಕ್ಕ. ಇಲ್ಲಿ ಕರೆಯುವಾಗ ಮಧ್ಯಾಹ್ನ ಆಗ್ತದೆ” ಎಂದರು. ತಮ್ಮ ಗಂಡನ ತಲೆಯ ಹೊಲಿಗೆಯನ್ನೂ ನನ್ನದನ್ನೂ ನೋಡಿ, “ನಿಮ್ಮದು ಚಂದ ಹೊಲಿದಿದ್ದಾರೆ. ನಮ್ಮವರದ್ದು ಅಕ್ಕಿ ಗೋಣಿ ಹೊಲಿದ ಹಾಗೆ ಉಂಟು” ಎಂದರು. ಅವರ ಗಂಡ ಕಣ್ಣು ಬಿಡದೆಯೇ, “ನಿನ್ನ ಬಾಯಿಯನ್ನೂ ಹೊಲಿಯಲಿಕ್ಕೆ ಹೇಳ್ತೇನೆ” ಎಂದರು. ಆಪರೇಶನ್ನಿನ ನಂತರ ನಾನು ಮೊದಲ ಸಲ ನಕ್ಕದ್ದು ಆವಾಗ. ನಕ್ಕರೆ ಹೊಲಿಗೆ ಎಳೆಯುತ್ತಿತ್ತು.

ನನ್ನ ಗಂಡ ಹೊರಗೆ ಬಂದು ಹತ್ತಿರ ಕೂತರು. “ಕರೆಂಟು ಕೊಡ್ತಾರಂತೆ. ಮಾತ್ರೆ ಉಂಟಂತೆ. ಒಳ್ಳೆಯ ಮಾತ್ರೆ ಅಂತೆ” ಎಂದರು. ಸೌಮ್ಯ ಬಾತ್‌ರೂಮಿಗೆ ಹೋದವಳು ಬರಲು ತುಂಬ ಹೊತ್ತಾಯಿತು. ಮುಖ ತೊಳೆದುಕೊಂಡಿದ್ದಳು. ಸೆಕೆ ಎಂದಳು. ನಾನು ನಂಬಿದೆ.

ಕರೆಂಟು ಎಂದರೆ ವಿಕಿರಣ. ಆರು ವಾರ ಆಸ್ಪತ್ರೆಯ ಹತ್ತಿರ ಒಂದು ರೂಮು ಹಿಡಿದು ಇದ್ದೆವು. ದಿನಾ ಮುಖಕ್ಕೆ ಬಲೆಯಂಥ ಪ್ಲಾಸ್ಟಿಕ್ ಮುಖವಾಡ ಹಾಕಿ ಮೇಜಿಗೆ ಬಿಗಿಯುತ್ತಿದ್ದರು. ಕೆಮ್ಮಲೂ ಆಗದು. ಆ ಹತ್ತು ನಿಮಿಷ ನಾನು ಮನಸ್ಸಿನಲ್ಲಿ ನಮ್ಮ ಮನೆಯ ದೇವರ ಕೋಣೆಯನ್ನು ಗುಡಿಸುತ್ತಿದ್ದೆ. ಗುಡಿಸಿ, ಒರೆಸಿ, ಹೂ ಇಟ್ಟು, ಬತ್ತಿ ಹೊಸೆಯುವಷ್ಟರಲ್ಲಿ ಮುಗಿಯುತ್ತಿತ್ತು. ಕೂದಲು ಬಲಗಡೆ ಮಾತ್ರ ಉದುರಿತು. ಎಡಗಡೆಯದ್ದನ್ನು ಬಾಚಿ ಈಚೆ ಎಳೆದುಕೊಂಡರೆ ಮುಚ್ಚುತ್ತಿತ್ತು. ನರ ಸಿಗದ ನನ್ನ ಕೈಯಲ್ಲಿ ಒಂದೇ ಚುಚ್ಚಿಗೆ ರಕ್ತ ತೆಗೆಯುವ ಒಬ್ಬಳು ನರ್ಸು ಇದ್ದಳು, ಅವಳ ರಜೆ ಒಂದು ಸಲವೂ ನನ್ನ ರಕ್ತ ತೆಗೆಯುವ ದಿನ ಬೀಳಲಿಲ್ಲ. ಇವೆಲ್ಲ ದೇವರು ಕೊಟ್ಟದ್ದು ಎಂದೇ ನಾನು ತಿಳಿದದ್ದು, ಈಗಲೂ ತಿಳಿದಿದ್ದೇನೆ.

ಇನ್ನು ಆ ಮಾತ್ರೆಯ ವಿಷಯ. ವಿಕಿರಣ ನಡೆಯುವಾಗ ದಿನಾ ಬೆಳಿಗ್ಗೆ, ಅದು ಮುಗಿದ ಮೇಲೆ ತಿಂಗಳಿಗೆ ಐದು ದಿನ ಅದನ್ನು ತಿನ್ನಬೇಕು. ಚೀಟಿಯಲ್ಲಿ ಕನ್ನಡದಲ್ಲೇ ಬರೆದಿದ್ದರು, ಖಾಲಿ ಹೊಟ್ಟೆಗೆ ಎಂದು. ನಾನು ಹಾಗೆಯೇ ತಿಂದೆ ಎಂದೇ ನನ್ನ ಲೆಕ್ಕ.

ನಮ್ಮಲ್ಲಿ ಉಪವಾಸ ಎಂದರೆ ಅನ್ನ ಮುಟ್ಟುವುದಿಲ್ಲ ಅಷ್ಟೆ. ಅವಲಕ್ಕಿ, ಬಾಳೆಹಣ್ಣು, ಹಾಲು ತಿಂದರೂ ಉಪವಾಸವೇ. ಪ್ರಸಾದವಂತೂ ಯಾವ ಲೆಕ್ಕಕ್ಕೂ ಬರುವುದಿಲ್ಲ. ಅದು ಆಹಾರವಲ್ಲ, ದೇವರದ್ದು. ಸ್ನಾನ ಮಾಡಿ, ದೀಪ ಹಚ್ಚಿ, ದೇವರಿಗೆ ಇಟ್ಟದ್ದರಲ್ಲಿ ಸ್ವಲ್ಪ ಬಾಯಿಗೆ ಹಾಕಿಕೊಳ್ಳದೆ ಬೇರೆ ಏನನ್ನೂ ನುಂಗಬಾರದು ಎಂದು ಅಮ್ಮ ಕಲಿಸಿದ್ದು. ನಾನು ಹುಟ್ಟಿದ ಮೇಲೆ ಅದನ್ನು ಮೀರಿದ್ದು ಆಪರೇಶನ್ನಿನ ದಿನ ಮಾತ್ರ. ಮಂಗಳೂರಿನ ರೂಮಿನಲ್ಲಿ ದೇವರ ಫೋಟೋದ ಎದುರು ಬಾಳೆಹಣ್ಣು ಇಟ್ಟು, ಅದನ್ನು ತಿಂದು, ಮಾತ್ರೆ ನುಂಗುತ್ತಿದ್ದೆ. ಪುತ್ತೂರಿಗೆ ಬಂದ ಮೇಲೆ ಆ ಐದು ದಿನಗಳಿಗೆಂದೇ ಗಣಪತಿಗೆ ಪಂಚಕಜ್ಜಾಯದ ಹರಕೆ ಹೇಳಿಕೊಂಡೆ. ಕಡಲೆ, ಎಳ್ಳು, ಬೆಲ್ಲ, ಕಾಯಿತುರಿ, ಮೇಲೆ ತುಪ್ಪ. ಗಂಡ ಬೆಳಿಗ್ಗೆ ಸ್ಕೂಟರಿನಲ್ಲಿ ದೇವಸ್ಥಾನಕ್ಕೆ ಹೋಗಿ ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಬರುತ್ತಿದ್ದರು. ಎರಡು ಮುಷ್ಟಿ ಪ್ರಸಾದ ತಿಂದು, ಮಾತ್ರೆಯನ್ನು ಅಂಗೈಯಲ್ಲಿಟ್ಟು ಕಣ್ಣಿಗೊತ್ತಿಕೊಂಡು, ತೀರ್ಥದಲ್ಲಿ ನುಂಗುತ್ತಿದ್ದೆ. ಮಾತ್ರೆ ಒಳಗೆ ಹೋಗುವ ಮೊದಲು ದೇವರು ಒಳಗೆ ಹೋಗಿ ದಾರಿ ಮಾಡಿರುತ್ತಾನೆ ಎಂಬ ಧೈರ್ಯ.

ಹೀಗೆ ಮೂರು ತಿಂಗಳು, ಮೂರು ಸುತ್ತು ಮಾತ್ರೆ ಮುಗಿದ ಮೇಲೆ ಸ್ಕ್ಯಾನು ಮಾಡಿದರು. ಗಡ್ಡೆ ಪುನಃ ಬೆಳೆದಿತ್ತು. ಡಾಕ್ಟರಮ್ಮ ಈ ಸಲ ನನ್ನ ಎದುರೇ ಹೇಳಿದರು, “ಈ ಮಾತ್ರೆ ನಿಲ್ಲಿಸೋಣ ಲೀಲಾವತಿಯವರೇ. ಬೇರೆ ಏನು ಕೊಡಬಹುದು ಅಂತ ಮೂರು ವಾರ ಬಿಟ್ಟು ಕೂತು ಮಾತಾಡೋಣ.” ಗಂಡ ಏನೂ ಕೇಳಲಿಲ್ಲ. ಔಷಧ ತರುತ್ತೇನೆ ಎಂದು ಎದ್ದು ಹೋದರು.

ಹೊರಗೆ ಬೆಂಚಿನಲ್ಲಿ ಜೋಹರಾ ಇದ್ದರು. ಅವರ ಗಂಡನ ಸ್ಕ್ಯಾನೂ ಅವತ್ತೇ. ನನ್ನ ಮುಖ ನೋಡಿ ಅವರು ತಮ್ಮದನ್ನು ಹೇಳಲು ಹಿಂಜರಿದರು. ನಾನೇ ಕೇಳಿದೆ.

“ಸಣ್ಣದಾಗಿದೆ ಅಂತ ಹೇಳಿದ್ರು ಅಕ್ಕ. ಅರ್ಧಕ್ಕೂ ಕಡಿಮೆ.”

“ಅದೇ ಮಾತ್ರೆಯಾ?”

“ಅದೇ.”

“ಹೇಗೆ ಕೊಡುದು ನೀವು?”

“ಹೇಗೆ ಅಂದ್ರೆ? ಬೆಳಿಗ್ಗೆ ಎದ್ದು ನೀರಲ್ಲಿ. ಮತ್ತೆ ಒಂದು ಗಂಟೆ ಬಾಯಿಗೆ ಎಂತದೂ ಇಲ್ಲ. ಖಾಲಿ ಹೊಟ್ಟೆ ಅಂತ ಬರೆದಿದ್ದಾರಲ್ಲ. ನಮ್ಮವರು ಚಾಯ ಬೇಕು ಅಂತ ಗಲಾಟೆ ಮಾಡ್ತಾರೆ. ಉಪವಾಸ ಅಂತ ತಿಳ್ಕೊಳ್ಳಿ, ಉಗುಳು ನುಂಗ್ಲಿಕ್ಕೆ ಮಾತ್ರ ಬಿಡುದು ಅಂತ ನಾನು.”

“ಒಂದು ಬಾಳೆಹಣ್ಣು ತಿಂದರೆ?”

“ಅಯ್ಯೋ ಅಕ್ಕ, ತಿಂದರೆ ಮತ್ತೆ ಖಾಲಿ ಎಲ್ಲಿ ಉಂಟು?”

ಅವರು ಸಹಜವಾಗಿ ಹೇಳಿದ್ದು. ನನಗೆ ಮಾತ್ರ ಬೆಂಚು ಕೆಳಗೆ ಇಳಿದ ಹಾಗಾಯಿತು. ಅವರ ಮನೆಯಲ್ಲಿ ಉಪವಾಸ ಎಂದರೆ ಏನೂ ಇಲ್ಲ. ನಮ್ಮ ಮನೆಯಲ್ಲಿ ಉಪವಾಸ ಎಂದರೆ ಎರಡು ಮುಷ್ಟಿ ಪಂಚಕಜ್ಜಾಯ. ಒಂದೇ ಚೀಟಿ, ಒಂದೇ ಮಾತ್ರೆ. ಅವರ ಗಂಡನ ಗಡ್ಡೆ ಕರಗಿತು, ನನ್ನದು ಬೆಳೆಯಿತು. ಇದಕ್ಕಿಂತ ಹೆಚ್ಚು ಸಾಕ್ಷಿ ಯಾರಿಗೆ ಬೇಕು?

ಪುತ್ತೂರಿಗೆ ಬರುವ ಬಸ್ಸಿನಲ್ಲಿ ಗಂಡನಿಗೆ ಹೇಳಬೇಕು ಎಂದು ನಾಲ್ಕು ಸಲ ಬಾಯಿ ತೆರೆದೆ. ಹೇಳಿದರೆ ಅವರೂ ಪಾಲುದಾರರಾಗುತ್ತಾರೆ. ದಿನಾ ಸ್ಕೂಟರಿನಲ್ಲಿ ಹೋಗಿ ತಂದವರು ಅವರೇ ಅಲ್ಲವೇ? ಬಾಯಿ ಮುಚ್ಚಿಕೊಂಡೆ. ಮಂಗಳೂರಿನಿಂದ ಪುತ್ತೂರಿನವರೆಗೆ ಇಬ್ಬರೂ ಮಾತಾಡಲಿಲ್ಲ. ಅವರು ಯಾಕೆ ಸುಮ್ಮನಿದ್ದಾರೆ ಎಂದು ನನಗೆ ಹೊಳೆಯಲೂ ಇಲ್ಲ.

ಆ ಮೂರು ವಾರ ನಾನು ದೇವರ ಕೋಣೆಗೆ ಹೋಗಲಿಲ್ಲ. ಮೊಣಕಾಲು ನೋವು ಎಂದೆ. ಸೌಮ್ಯ ದೀಪ ಹಚ್ಚಿದಳು. ನಾನು ಅಡುಗೆಮನೆಯಲ್ಲಿ ಕೂತು ಅವಳು ಗಂಟೆ ಬಾರಿಸುವುದನ್ನು ಕೇಳುತ್ತಿದ್ದೆ. ನನಗೆ ಸಿಟ್ಟು ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ. ದೇವರೇ, ನಿನ್ನ ಕೈಯಿಂದ ತಿಂದದ್ದು ನನಗೆ ವಿಷ ಆಯಿತಾ? ಒಂದು ಮಾತು ಸೂಚನೆ ಕೊಡಬಹುದಿತ್ತಲ್ಲ. ಅಷ್ಟು ಕೇಳಿದ ಮೇಲೆ ಹೆದರಿಕೆ ಆಗುತ್ತಿತ್ತು. ಮಾತ್ರೆ ಕೆಟ್ಟದ್ದು ನನ್ನಿಂದ, ಈಗ ದೇವರನ್ನೂ ಬೈದೆ, ಇನ್ನು ಯಾರ ಹತ್ತಿರ ಹೋಗುವುದು? ಸೌಮ್ಯಳ ಮದುವೆಯ ಯೋಚನೆ ಬರುತ್ತಿತ್ತು. ಅವಳಿಗೆ ಇನ್ನೂ ಸಾರಿನ ಹುಳಿ ಸರಿ ಬರುವುದಿಲ್ಲ. ನಾನೇ ಕೈಯಾರೆ ಅವಳ ಅಮ್ಮನನ್ನು ಇಲ್ಲವಾಗಿಸಿದೆ ಎಂದು ಅನಿಸುತ್ತಿತ್ತು.

ಆ ನಡುವೆ ಶಾರದಕ್ಕ ಬಂದಳು. ಹರಕೆ ಸಲ್ಲಿಸಿ ನೇರ ದೇವಸ್ಥಾನದಿಂದಲೇ ಬಂದಿದ್ದಳು. ಎಲೆ ಬಿಡಿಸಿ ಪ್ರಸಾದವನ್ನು ನನ್ನ ಬಾಯಿಯ ಹತ್ತಿರ ಹಿಡಿದಳು. ನಾನು ಮುಖ ತಿರುಗಿಸಿದೆ.

“ಎಂತ ಇದು?”

“ಈಗ ಬೇಡ ಅಕ್ಕ. ಆಮೇಲೆ ತಿನ್ನುತ್ತೇನೆ.”

“ಪ್ರಸಾದ ಆಮೇಲೆ ತಿನ್ನುದಾ? ಮನೆಯಲ್ಲಿ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದವಳು ನೀನೇ ಅಲ್ವಾ? ನಾನು ಒಂದು ಸಲ ಚಪ್ಪಲಿ ಹಾಕಿಕೊಂಡು ಪ್ರಸಾದ ತೆಗೊಂಡದ್ದಕ್ಕೆ ಎರಡು ದಿನ ಮಾತು ಬಿಟ್ಟವಳು.”

“ಬಾಯಿ ಕಹಿ ಉಂಟು.”

“ಬಾಯಿ ಕಹಿ ಅಲ್ಲ, ನಿನಗೆ ಆ ಡಾಕ್ಟರ ಮೇಲೆ ಇರುವ ನಂಬಿಕೆ ದೇವರ ಮೇಲೆ ಇಲ್ಲ ಈಗ” ಎಂದಳು. ಹೇಳಿದ ಕೂಡಲೇ ಅವಳ ಕಣ್ಣು ತುಂಬಿತು. ಅವಳು ನನಗಿಂತ ಹನ್ನೊಂದು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ನಾನು ಕೈ ಚಾಚಿ ಪ್ರಸಾದ ತೆಗೆದುಕೊಂಡೆ. ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದೆ. ಅವಳು ಕಾಲು ತೊಳೆಯಲು ಹೋದಾಗ ಹಿತ್ತಿಲಿಗೆ ಹೋಗಿ ಮಲ್ಲಿಗೆ ಗಿಡದ ಬುಡಕ್ಕೆ ಹಾಕಿದೆ.

ಮೂರು ವಾರ ಕಳೆದು ಡಾಕ್ಟರಮ್ಮನ ಎದುರು ಕೂತೆವು. ಅವರು ಇನ್ನೊಂದು ಔಷಧದ ವಿಷಯ ಹೇಳುತ್ತಿದ್ದರು, ನರಕ್ಕೆ ಹನಿ ಹನಿಯಾಗಿ ಕೊಡುವುದು, ಎರಡು ವಾರಕ್ಕೊಮ್ಮೆ ಬರಬೇಕು, ಗಡ್ಡೆಯ ಬಾವು ಇಳಿಯಬಹುದು ಎಂದೆಲ್ಲ. ನನ್ನ ಕಿವಿಗೆ ಏನೂ ಹೋಗುತ್ತಿರಲಿಲ್ಲ. ಅವರು ಪೆನ್ನು ಕೆಳಗಿಟ್ಟಾಗ ನಾನು ಹೇಳಿಬಿಟ್ಟೆ.

“ಡಾಕ್ಟರಮ್ಮ, ಮಾತ್ರೆ ಕೆಲಸ ಮಾಡದೆ ಇದ್ದದ್ದು ನನ್ನಿಂದ. ನಾನು ದಿನಾ ಪ್ರಸಾದ ತಿಂದು ಮಾತ್ರೆ ತಿಂದೆ. ಖಾಲಿ ಹೊಟ್ಟೆಗೆ ಒಂದು ದಿನವೂ ತಿನ್ನಲಿಲ್ಲ.”

ಅವರು ನಗಲಿಲ್ಲ. ಅದಕ್ಕೆ ನಾನು ಅವರಿಗೆ ಯಾವತ್ತೂ ಋಣಿ. ಏನು ಪ್ರಸಾದ, ಎಷ್ಟು, ಎಷ್ಟು ಹೊತ್ತು ಮೊದಲು ಎಂದು ಕೇಳಿದರು. ನಾನು ಎಳ್ಳು, ಬೆಲ್ಲ, ತುಪ್ಪ ಎಲ್ಲ ಹೇಳಿದೆ, ಎರಡು ಮುಷ್ಟಿಯನ್ನೂ ತೋರಿಸಿದೆ.

“ಖಾಲಿ ಹೊಟ್ಟೆಗೆ ತಿನ್ನಬೇಕಿತ್ತು, ಸರಿ” ಎಂದರು. “ತಿಂದದ್ದರಿಂದ ಮಾತ್ರೆ ರಕ್ತಕ್ಕೆ ಸೇರುವುದು ಸ್ವಲ್ಪ ನಿಧಾನ ಆಗಿರಬಹುದು, ಸ್ವಲ್ಪ ಕಡಿಮೆಯೂ ಆಗಿರಬಹುದು. ಆದರೆ ಗಡ್ಡೆ ಬೆಳೆದದ್ದು ಅದರಿಂದ ಅಲ್ಲ. ಈ ಮಾತ್ರೆ ಗಡ್ಡೆಯ ಒಂದೊಂದು ಕಣದ ಒಳಗೆ ಹೋಗಿ ಗಾಯ ಮಾಡುತ್ತದೆ. ಕೆಲವರ ಗಡ್ಡೆಗೆ ಆ ಗಾಯ ವಾಸಿ ಮಾಡಿಕೊಳ್ಳಲು ಬರುವುದಿಲ್ಲ, ಸಾಯುತ್ತದೆ. ಕೆಲವರ ಗಡ್ಡೆ ಅದನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ನಿಮ್ಮದು ಆ ತರದ್ದು. ಆಪರೇಶನ್ ಆದ ಮೇಲೆ ಎರಡನೆಯ ವರದಿ ಬಂತಲ್ಲ, ಅದರಲ್ಲಿಯೇ ಇತ್ತು. ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಸ್ವಲ್ಪವಾದರೂ ತಡೆಯಬಹುದು ಅಂತ ಕೊಟ್ಟದ್ದು. ಅವತ್ತೇ ಹೇಳಿದ್ದೆನಲ್ಲ?”

ಕೊನೆಯ ಮಾತು ನನಗಲ್ಲ. ಅವರು ನೋಡುತ್ತಿದ್ದದ್ದು ನನ್ನ ಗಂಡನನ್ನು. ಗಂಡ ನೆಲ ನೋಡುತ್ತಿದ್ದರು.

ಹೊರಗೆ ಬಂದು ಬೆಂಚಿನಲ್ಲಿ ಕೂತೆವು. ಹತ್ತಿರದಲ್ಲಿ ಯಾರೋ ಮಗುವಿಗೆ ಬಿಸ್ಕತ್ತು ಮುರಿದು ಕೊಡುತ್ತಿದ್ದರು. ನಾನು ತುಂಬ ಹೊತ್ತು ಅದನ್ನೇ ನೋಡಿದೆ.

“ನಿಮಗೆ ಮೊದಲೇ ಗೊತ್ತಿತ್ತಾ?”

“ಹ್ಞೂಂ.”

“ಸೌಮ್ಯಳಿಗೂ?”

“ಅವಳೂ ಇದ್ದಳಲ್ಲ ಒಳಗೆ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿ ಎಂತ ಮಾಡುದು ಲೀಲಾ? ನೀನು ದಿನಾ ಅದನ್ನು ಕಣ್ಣಿಗೊತ್ತಿ ತಿನ್ನುತ್ತಿದ್ದೆ. ಅದು ನಾಟುದಿಲ್ಲ ಅಂತ ಹೇಗೆ ಹೇಳುದು ನಾನು?” ಅವರು ತಮ್ಮ ಕೈಗಳನ್ನು ನೋಡಿಕೊಂಡರು. “ನನ್ನ ಬದುಕಿಡೀ ಸುಟ್ಟದ್ದನ್ನು ಬಿಚ್ಚಿ ಸುತ್ತಿದೆ. ಒಳ್ಳೆಯ ಕೆಲಸ ಅಂತ ತಿಳ್ಕೊಂಡಿದ್ದೆ. ಡಾಕ್ಟರು ಅದು ತನ್ನನ್ನೇ ರಿಪೇರಿ ಮಾಡಿಕೊಳ್ತದೆ ಅಂತ ಹೇಳಿದ ದಿನ ಅಂಗಡಿ ತೆರೆಯಲಿಕ್ಕೆ ಮನಸ್ಸು ಬರಲಿಲ್ಲ. ನಾವು ಸುಡುದು, ಅದು ಸುತ್ತುದು. ನಾವು ಸುಡುದು, ಅದು ಸುತ್ತುದು.”

“ನೀವು ಪ್ರಸಾದ ತಂದು ಕೊಡುತ್ತಿದ್ದಿರಲ್ಲ ದಿನಾ.”

“ಮತ್ತೆ ಎಂತ ತರುದು? ನನ್ನ ಕೈಯಲ್ಲಿ ಆಗುದು ಅದೊಂದೇ ಇತ್ತು.”

ನನಗೆ ಸಮಾಧಾನ ಆಗಬೇಕಿತ್ತು. ತಪ್ಪು ನನ್ನದಲ್ಲ ಎಂದು ದೊಡ್ಡ ಡಾಕ್ಟರೇ ಹೇಳಿದ್ದಾರೆ. ಆದರೆ ಸಮಾಧಾನ ಬರಲಿಲ್ಲ. ಮೂರು ವಾರ ನನ್ನನ್ನು ಕೊಂದ ಆ ತಪ್ಪಿನ ಜೊತೆ ಒಂದು ಆಸೆಯೂ ಇತ್ತು ಎಂದು ಅವತ್ತು ತಿಳಿಯಿತು. ನನ್ನಿಂದ ಕೆಟ್ಟದ್ದಾದರೆ ನಾನು ಸರಿಮಾಡಬಹುದು. ಇನ್ನೊಂದು ಸುತ್ತು ಮಾತ್ರೆ ಕೊಡಿ, ಈ ಸಲ ನೀರಲ್ಲಿ ಮಾತ್ರ ನುಂಗುತ್ತೇನೆ ಎಂದು ಕೇಳುವ ಯೋಚನೆ ಮಾಡಿಕೊಂಡೇ ನಾನು ಹೋಗಿದ್ದೆ. ಈಗ ಅದೂ ಇಲ್ಲ. ನಾನು ಎಷ್ಟು ಶುದ್ಧವಾಗಿ, ಎಷ್ಟು ಸರಿಯಾಗಿ ತಿಂದರೂ ಹೀಗೆಯೇ ಆಗುತ್ತಿತ್ತು. ನನ್ನ ಮೈಯಲ್ಲೇ ಹುಟ್ಟಿದ ಒಂದು ಮುದ್ದೆಗೆ ನನಗಿಂತ ಹೆಚ್ಚು ಬದುಕುವ ಹಟ ಇದೆ. ಅದರ ಎದುರು ನಾನು ಮಾಡುವಂಥದ್ದು ಏನೂ ಇಲ್ಲ.

ಆ ದಿನ ನಾನು ಅವರ ಮೇಲೆ ಸಿಟ್ಟು ಮಾಡಲಿಲ್ಲ. ಮಾಡಿದ್ದು ಮನೆಗೆ ಬಂದು ನಾಲ್ಕು ದಿನ ಕಳೆದ ಮೇಲೆ, ಸಾಸಿವೆ ಡಬ್ಬಿ ಎಲ್ಲಿಟ್ಟಿದ್ದೀರಿ ಎಂಬ ವಿಷಯಕ್ಕೆ. ಡಬ್ಬಿ ಹುಡುಕುತ್ತಾ ಹುಡುಕುತ್ತಾ ವರದಿಯ ವಿಷಯಕ್ಕೆ ಬಂದೆ. ಏಳು ತಿಂಗಳು ನನ್ನನ್ನು ಮಗುವಿನ ಹಾಗೆ ಆಡಿಸಿದಿರಿ ಎಂದೆ. ಸೌಮ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳುತ್ತಾ, “ನೀನೂ ಹೇಳಲಿಲ್ಲ ಅಲ್ಲ ಅಮ್ಮ, ಪ್ರಸಾದದ ವಿಷಯ?” ಎಂದಳು. ಒಂದೇ ಮನೆಯಲ್ಲಿ ಮೂವರು ಒಬ್ಬರನ್ನೊಬ್ಬರು ಕಾಪಾಡುತ್ತೇವೆ ಎಂದುಕೊಂಡು ಬೇರೆ ಬೇರೆ ಮೂಲೆಯಲ್ಲಿ ಕೂತು ಹೆದರಿದ್ದೆವು. ಅವತ್ತು ಮಾತಾದದ್ದು ಇಷ್ಟೆ, ಇನ್ನು ಯಾವ ಕಾಗದವನ್ನೂ ನಾನಿಲ್ಲದೆ ತೆರೆಯಬಾರದು.

ಜೋಹರಾಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, “ಹಾಗಾದ್ರೆ ನಮ್ಮವರ ಗಡ್ಡೆಗೆ ರಿಪೇರಿ ಗೊತ್ತಿಲ್ಲ ಅಂತ ಆಯ್ತು. ಸರಿ ಉಂಟು, ಅವರಿಗೂ ಗೊತ್ತಿಲ್ಲ. ಮನೆಯಲ್ಲಿ ಒಂದು ಬಲ್ಬು ಹಾಕ್ಲಿಕ್ಕೆ ಬರುದಿಲ್ಲ” ಎಂದರು. ಇಬ್ಬರೂ ನಕ್ಕೆವು. ಮತ್ತೆ ಅವರು ದನಿ ಇಳಿಸಿ, “ಅಕ್ಕ, ನಾನು ಅವತ್ತು ಹಾಗೆ ಹೇಳಬಾರದಿತ್ತು” ಎಂದರು. ನೀವು ಹೇಳದಿದ್ದರೆ ನಾನು ಕೇಳುತ್ತಲೇ ಇರಲಿಲ್ಲ, ಕೇಳದಿದ್ದರೆ ಇವರು ಇನ್ನೂ ಹೇಳುತ್ತಿರಲಿಲ್ಲ ಎಂದೆ. ಅವರ ಗಂಡ ಸುಧಾರಿಸುತ್ತಿರುವುದು ನನಗೆ ಸಂತೋಷವೇ. ಎಲ್ಲ ದಿನವೂ ಅಲ್ಲ, ಆದರೆ ಹೆಚ್ಚಿನ ದಿನ.

ಈಗ ಎರಡು ವಾರಕ್ಕೊಮ್ಮೆ ಮಂಗಳೂರಿಗೆ ಹೋಗುತ್ತೇವೆ. ಎಡಗೈಗೆ ಶಕ್ತಿ ಕಡಿಮೆ. ಸೀರೆಯ ನೆರಿಗೆ ಸೌಮ್ಯ ಹಿಡಿಯುತ್ತಾಳೆ. ಅವಳ ಸಾರು ಈಗ ಸರಿ ಆಗುತ್ತದೆ, ಹುಳಿ ಒಂದು ಚೂರು ಮುಂದೆ. ಬಸ್ಸಿನಲ್ಲಿ ಕಂಡಕ್ಟರು ನಾನು ಈಗ ತಲೆಗೆ ಕಟ್ಟಿಕೊಳ್ಳುವ ಬಟ್ಟೆ ನೋಡಿ ಮುಂದಿನ ಸೀಟು ಬಿಡಿಸಿ ಕೊಡುತ್ತಾನೆ. ದೇವರ ಕೋಣೆಗೆ ಹೋಗುತ್ತೇನೆ. ಮೊದಲ ದಿನ ಹೋಗಿ ಕೂತಾಗ ಏನು ಬೇಡುವುದು ಎಂದು ತೋಚಲಿಲ್ಲ. ಗುಣ ಮಾಡು ಎಂದು ಹೇಳಲು ಬಾಯಿ ಬರಲಿಲ್ಲ. ಬೈದದ್ದನ್ನು ಮನಸ್ಸಿಗೆ ಹಾಕಿಕೊಳ್ಳಬೇಡ ಎಂದು ಮಾತ್ರ ಹೇಳಿ ಎದ್ದೆ. ಈಗಲೂ ಹೆಚ್ಚು ಬೇಡುವುದಿಲ್ಲ. ಸುಮ್ಮನೆ ಕೂತಿರುತ್ತೇನೆ, ಆಸ್ಪತ್ರೆಯ ಬೆಂಚಿನಲ್ಲಿ ಕೂತ ಹಾಗೆ.

ನಿಮ್ಮಲ್ಲಿ ಯಾರಾದರೂ ಇಂಥ ಮಾತ್ರೆ ತಿನ್ನುವವರಿದ್ದರೆ ಡಾಕ್ಟರು ಹೇಳಿದ ಹಾಗೆ ತಿನ್ನಿ. ತಿಳಿಯದಿದ್ದರೆ ಕೇಳಿ, ನಾಚಿಕೆ ಬೇಡ. ತಪ್ಪಾಗಿದೆ ಅನಿಸಿದರೆ ಅವತ್ತೇ ಬಾಯಿಬಿಟ್ಟು ಹೇಳಿ. ಇಷ್ಟೇ ನನಗೆ ಹೇಳಲು ಗೊತ್ತಿರುವುದು.

ಕಳೆದ ತಿಂಗಳು ಹೊಸ ಸ್ಕ್ಯಾನಿನ ವರದಿ ಬಂತು. ಡಾಕ್ಟರಮ್ಮ ಕರೆಯಲು ಇನ್ನೂ ಹೊತ್ತಿತ್ತು. ಗಂಡ ಲಕೋಟೆಯನ್ನು ಹಾಗೆಯೇ ತಂದು ನನ್ನ ಮಡಿಲಲ್ಲಿ ಇಟ್ಟರು. ನಾನು ತೆರೆದೆ. ಇಂಗ್ಲಿಷು. ಅವರಿಗೇ ಕೊಟ್ಟು, “ಬಿಡದೆ ಓದಿ” ಎಂದೆ.

ಅವರು ಕನ್ನಡಕ ಹಾಕಿ, ಮೋಟಾರಿನ ಕಾಗದ ಓದುವ ಹಾಗೆ ಒಂದೊಂದೇ ಸಾಲನ್ನು ಓದಿ ಕನ್ನಡದಲ್ಲಿ ಹೇಳಿದರು. “ಹಳೆಯದ್ದು ಹಾಗೆಯೇ ಉಂಟು. ಹೆಚ್ಚು ವ್ಯತ್ಯಾಸ ಇಲ್ಲ ಅಂತ ಬರೆದಿದ್ದಾರೆ.” ಅಲ್ಲಿ ನಿಂತರು.

“ಇನ್ನೂ ಉಂಟಾ?”

“ಉಂಟು.” ಕಾಗದವನ್ನು ಕಣ್ಣಿಗೆ ಹತ್ತಿರ ತಂದರು. “ಬಲಗಡೆಯೇ, ಸ್ವಲ್ಪ ಹಿಂದೆ, ಒಂದು ಹೊಸ ಚುಕ್ಕೆ. ಸಣ್ಣದು. ಸಣ್ಣದು ಅಂತ ನಾನು ಹೇಳುದಲ್ಲ, ಹಾಗೆಯೇ ಬರೆದಿದ್ದಾರೆ.”

ನಾನು ತಲೆ ಆಡಿಸಿದೆ. ಒಳಗಿನಿಂದ ಯಾರದ್ದೋ ಹೆಸರು ಕರೆದರು, ನಮ್ಮದಲ್ಲ.

“ನನ್ನ ತಪ್ಪು ಅಂತ ಎಲ್ಲಿಯಾದರೂ ಬರೆದಿದ್ದಾರಾ?” ಎಂದು ಕೇಳಿದೆ.

ಅವರು ನಗಲಿಲ್ಲ, ಬೈಯಲೂ ಇಲ್ಲ. ಕಾಗದವನ್ನು ತಿರುಗಿಸಿ ಪುನಃ ಮೊದಲ ಪುಟಕ್ಕೆ ಬಂದರು. ನನ್ನ ಹೆಸರು, ಪ್ರಾಯ, ಊರು, ಅಲ್ಲಿಂದ ಸಾಲು ಸಾಲಾಗಿ ಬೆರಳಿಟ್ಟು ಕೆಳಗಿನ ಸಹಿಯವರೆಗೆ ನೋಡಿದರು. ಹಿಂದಿನ ಬದಿಯನ್ನೂ ನೋಡಿದರು.

“ಇಲ್ಲ” ಎಂದರು. “ಎಲ್ಲಿಯೂ ಇಲ್ಲ.”

“ನಿಮ್ಮದು?”

ಇನ್ನೊಂದು ಸಲ ನೋಡಿದರು.

“ನನ್ನದೂ ಇಲ್ಲ.”